ಕಿವಿ ಮತ್ತು ಶಂಖಾಸ್ಥಿಯ ಕ್ಯಾನ್ಸರ್: ನಿದಾನ ಮತ್ತು ಚಿಕಿತ್ಸೆ

ಕಿವಿ ಸೋರುವುದೆಂಬುದು ನಮ್ಮ ನಾಡಿನಲ್ಲಿ ಬಹು ಹಳೆಯದೂ ಬಹು ಪರಿಚಿತವೂ ಆದ ಬೇನೆ. ಎಳವೆಯಲ್ಲಿ ಆರಂಭವಾಗಿ, ನೆಗಡಿ ಬಂದಾಗಲೆಲ್ಲ ಹೆಚ್ಚಿ, ಕೆಲಕಾಲ ತಗ್ಗಿ, ಮೂವತ್ತು ನಲವತ್ತು ವರ್ಷಗಳವರೆಗೆ ಮನುಷ್ಯನ ಜೊತೆಯಲ್ಲಿಯೇ ಸಾಗಿಬರುವ ಈ ಸೋರಿಕೆಯನ್ನು ರೋಗವೆಂದು ಎಣಿಸದವರೂ ಅನೇಕರಿದ್ದಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುವುದು, ಅಂಗಡಿಯಿಂದ ತಂದ ಹನಿಮದ್ದನ್ನು ಹಾಕಿಕೊಳ್ಳುವುದು, ಇಷ್ಟರಿಂದಲೇ ಬಹುಮಂದಿ ತೃಪ್ತರಾಗುತ್ತಾರೆ. ಇಂತಹ ಕಿವಿಯಲ್ಲಿ, ಬಹು ಅಪರೂಪವಾಗಿ, ಕ್ಯಾನ್ಸರ್ ಹುಟ್ಟುವುದುಂಟು. ಹುಟ್ಟಿದಾಗ ಅದು ಹೊಸದೊಂದು ರೋಗದಂತೆ ತೋರಿಕೊಳ್ಳುವುದಿಲ್ಲ. ಹಳೆಯ ಸೋರಿಕೆಯ ಮರೆಯಲ್ಲಿಯೇ ಬೆಳೆಯುತ್ತದೆ. ಈ ರೋಗದ ಕಷ್ಟವೆಲ್ಲ ಬಹುಮಟ್ಟಿಗೆ ಇದರಲ್ಲಿಯೇ ಅಡಗಿದೆ.

ಪ್ರಕೃತ ಲೇಖನದಲ್ಲಿ ಕಿವಿಯ ಮತ್ತು ಅದಕ್ಕೆ ಆಶ್ರಯವಾದ ಶಂಖಾಸ್ಥಿಯ ಕ್ಯಾನ್ಸರನ್ನು ಗುರುತಿಸುವ ಕ್ರಮವನ್ನೂ ಅದರ ಚಿಕಿತ್ಸೆಯನ್ನೂ ವೈದ್ಯರಲ್ಲದ ಓದುಗರಿಗೂ ತಿಳಿಯುವಂತೆ ವಿವರಿಸಲು ಪ್ರಯತ್ನಿಸಿದೆ. ಲೇಖನದ ಮುಖ್ಯ ಪ್ರತಿಪಾದನೆ ಒಂದೇ: ಈ ಕ್ಯಾನ್ಸರನ್ನು, ಒಮ್ಮೆ ಶಂಕಿಸಿದ ಮೇಲೆ, ಖಚಿತಪಡಿಸಿಕೊಳ್ಳುವುದು ಸುಲಭ, ಶಂಕೆ ಹುಟ್ಟುವುದೇ ತಡವಾಗುತ್ತದೆ. ಆ ತಡದ ಬೆಲೆಯನ್ನು ರೋಗಿ ತನ್ನ ಶ್ರವಣದಿಂದ, ಮುಖದ ಚಲನೆಯಿಂದ, ಕೆಲವೊಮ್ಮೆ ಪ್ರಾಣದಿಂದಲೇ ತೆರಬೇಕಾಗುತ್ತದೆ.

೧. ಸ್ಥಳದ ರಚನೆ

ತಲೆಬುರುಡೆಯ ಎರಡು ಪಕ್ಕಗಳಲ್ಲಿ, ಕಣತಲೆಯಿಂದ ಮೊದಲಾಗಿ ಕಿವಿಯ ಹಿಂಬದಿಯ ಉಬ್ಬಿನವರೆಗೆ ಹರಡಿರುವ ಮೂಳೆಗೆ ಶಂಖಾಸ್ಥಿಯೆಂದು ಹೆಸರು. ಕಿವಿಯೆಂದು ನಾವು ಹೊರಗೆ ಕಾಣುವುದು ಮೃದ್ವಸ್ಥಿಯ ಮೇಲೆ ಚರ್ಮ ಹೊದಿಸಿದ ಆಲೆಯನ್ನು ಮಾತ್ರ. ಶ್ರವಣದ ಮುಖ್ಯ ಅಂಗಗಳೆಲ್ಲ ಈ ಮೂಳೆಯೊಳಗೆ ಹುದುಗಿವೆ. ಆಲೆಯಿಂದ ಒಳಕ್ಕೆ ಸುಮಾರು ೨.೫ ಸೆಂಟಿಮೀಟರ್ ಉದ್ದದ ಹೊರನಾಳ ಸಾಗುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗದ ಗೋಡೆ ಮೃದ್ವಸ್ಥಿಯದು, ಉಳಿದ ಎರಡು ಭಾಗ ಮೂಳೆಯದು. ನಾಳದ ಕೊನೆಯಲ್ಲಿ ಕಿವಿತಮಟೆ. ಅದರಾಚೆಗೆ ಮೂರು ಕಿರುಮೂಳೆಗಳಿರುವ ನಡುಗಿವಿ. ಇನ್ನೂ ಒಳಗೆ, ಶ್ರವಣಕ್ಕೂ ದೇಹದ ಸಮತೋಲಕ್ಕೂ ಆಧಾರವಾದ ಒಳಗಿವಿ.

ಈ ಸಣ್ಣ ಸ್ಥಳದ ನೆರೆಹೊರೆಯನ್ನು ಗಮನಿಸಬೇಕು. ನಡುಗಿವಿಯ ಮೇಲ್ಚಾವಣಿಯಾಗಿರುವ ತೆಳುವಾದ ಮೂಳೆಹಲಗೆಯ ಆಚೆಗೆ ಮಿದುಳಿನ ಹೊದಿಕೆ ಇದೆ. ಕೆಳಗೆ, ತಲೆಯ ರಕ್ತವನ್ನು ಇಳಿಸಿಕೊಳ್ಳುವ ಜ್ಯುಗುಲರ್ ಸಿರೆ. ಮುಂದೆ, ಮಿದುಳಿಗೆ ರಕ್ತವನ್ನೊಯ್ಯುವ ಕೆರೋಟಿಡ್ ಧಮನಿ. ಮುಖದ ಸ್ನಾಯುಗಳನ್ನು ಆಡಿಸುವ ಮುಖನರ ಈ ಮೂಳೆಯೊಳಗೇ ಕಿರಿದಾದ ಕಾಲುವೆಯೊಂದರಲ್ಲಿ ತಿರುವಿಕೊಂಡು ಹೊರಬರುತ್ತದೆ. ಹೊರನಾಳದ ಮುಂಬದಿಗೆ ದವಡೆಯ ಕೀಲು ಮತ್ತು ಪರೋಟಿಡ್ ಎಂಬ ದೊಡ್ಡ ಲಾಲಾಗ್ರಂಥಿ ತಗಲಿಕೊಂಡಿವೆ. ಆದುದರಿಂದ ಕಿವಿಯಲ್ಲಿ ಕೆಲವು ಮಿಲಿಮೀಟರುಗಳ ಅಂತರವೆಂದರೆ ಅಲ್ಪವಾದುದೇನಲ್ಲ. ಬೇರೆಡೆಯಲ್ಲಿ ಸಣ್ಣದೆನಿಸುವ ಗಡ್ಡೆ ಇಲ್ಲಿ ಆಗಲೇ ಮಹತ್ವದ ಅಂಗವೊಂದನ್ನು ಮುಟ್ಟಿರಬಹುದು.

ಕ್ಯಾನ್ಸರ್ ಹರಡುವ ದಾರಿಗಳೂ ಈ ರಚನೆಯಿಂದಲೇ ನಿರ್ಧಾರವಾಗುತ್ತವೆ. ಹೊರನಾಳದ ಮೂಳೆಯ ಭಾಗದಲ್ಲಿ ಚರ್ಮ ಬಹು ತೆಳು. ಅದು ನೇರವಾಗಿ ಮೂಳೆಗೆ ಅಂಟಿಕೊಂಡಿರುವುದರಿಂದ ಅಲ್ಲಿ ಹುಟ್ಟಿದ ಗಡ್ಡೆ ಬೇಗನೆ ಮೂಳೆಯನ್ನು ತಾಕುತ್ತದೆ. ಮೃದ್ವಸ್ಥಿಯ ಭಾಗದಲ್ಲಿ, ಇಟಲಿಯ ಅಂಗರಚನಾಶಾಸ್ತ್ರಜ್ಞ ಸಾಂಟೊರಿನಿಯ (೧೬೮೧-೧೭೩೭) ಹೆಸರಿನಿಂದ ಕರೆಯಲ್ಪಡುವ ಸಹಜವಾದ ಬಿರುಕುಗಳಿವೆ. ಇವುಗಳ ಮೂಲಕ ಗಡ್ಡೆ ಪರೋಟಿಡ್ ಗ್ರಂಥಿಗೆ ನುಸುಳಬಲ್ಲುದು. ಕಿವಿತಮಟೆ ಕೆಲಕಾಲ ತಡೆಯಾಗಿ ನಿಲ್ಲುತ್ತದೆ. ಒಳಗಿವಿಯನ್ನು ಸುತ್ತುವರಿದ ಮೂಳೆ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದುದರಿಂದ ಅದು ಇನ್ನೂ ಹೆಚ್ಚು ಕಾಲ ತಡೆಯುತ್ತದೆ. ಆದರೆ ಗಡ್ಡೆಗೆ ಅದನ್ನು ಭೇದಿಸಬೇಕಾದ ಅಗತ್ಯವೇ ಇಲ್ಲ. ನಡುಗಿವಿಯ ಗಾಳಿಗೂಡುಗಳ ಮೂಲಕ ಅದನ್ನು ಬಳಸಿ ಮುಂದೆ ಸಾಗಬಹುದು.

೨. ಬಗೆಗಳು ಮತ್ತು ಕಾರಣಗಳು

ಶಂಖಾಸ್ಥಿಯ ಕ್ಯಾನ್ಸರ್ ವಿರಳವಾದುದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ಆರು ಮಂದಿಗೆ ಇದು ಬರುವುದೆಂದು ಸಾಮಾನ್ಯವಾಗಿ ಲೆಕ್ಕ ಹಾಕಿದ್ದಾರೆ. ಸಾಮಾನ್ಯ ವೈದ್ಯನೊಬ್ಬನು ತನ್ನ ವೃತ್ತಿಜೀವನವೆಲ್ಲವನ್ನೂ ಒಬ್ಬ ರೋಗಿಯನ್ನೂ ಕಾಣದೆ ಕಳೆಯಬಹುದು. ಈ ವಿರಳತೆಯೂ ರೋಗ ಮರೆಯಾಗಿ ಉಳಿಯಲು ಒಂದು ಕಾರಣ.

ಆಲೆಯ ಕ್ಯಾನ್ಸರಿಗೆ ಮುಖ್ಯ ಕಾರಣ ದೀರ್ಘಕಾಲದ ಬಿಸಿಲು. ಬಿಳಿಯ ಮೈಬಣ್ಣದ ಜನರಲ್ಲಿ ಅದು ಹೆಚ್ಚು. ಕಪ್ಪು ಮತ್ತು ಕಂದು ಬಣ್ಣದ ಚರ್ಮಕ್ಕೆ ಸಹಜವಾದ ರಕ್ಷಣೆ ಇರುವುದರಿಂದ ನಮ್ಮಲ್ಲಿ ಕಡಿಮೆ. ಅದು ಕಣ್ಣಿಗೆ ಕಾಣುವ ಸ್ಥಳದಲ್ಲಿರುವುದರಿಂದ ಬೇಗ ಪತ್ತೆಯಾಗುತ್ತದೆ. ಹೊರನಾಳ ಮತ್ತು ನಡುಗಿವಿಯ ಕ್ಯಾನ್ಸರಿಗೆ ಬಿಸಿಲಿನ ಸಂಬಂಧವಿಲ್ಲ. ಅವುಗಳಲ್ಲಿ ಬಹುಪಾಲು ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರುಗಳು. ವರ್ಷಗಟ್ಟಲೆ ಕೀವು ಸೋರಿದ ಕಿವಿಗಳಲ್ಲಿ ಇವು ಕಾಣಿಸಿಕೊಳ್ಳುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಹೀಗೆಂದಮಾತ್ರಕ್ಕೆ ಕಿವಿ ಸೋರುವವರೆಲ್ಲರೂ ಭಯಪಡಬೇಕಾಗಿಲ್ಲ. ಅಂತಹವರಲ್ಲಿ ಕ್ಯಾನ್ಸರಿಗೆ ಗುರಿಯಾಗುವವರು ಅತ್ಯಲ್ಪ ಮಂದಿ. ಮೂಗಿನ ಹಿಂಬದಿಯ ಕ್ಯಾನ್ಸರಿಗಾಗಿ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಹತ್ತು ವರ್ಷಗಳೋ ಅದಕ್ಕೂ ಹೆಚ್ಚು ಕಾಲವೋ ಕಳೆದ ಮೇಲೆ, ಶಂಖಾಸ್ಥಿಯಲ್ಲಿ ಹೊಸದಾಗಿ ಕ್ಯಾನ್ಸರ್ ಹುಟ್ಟಿದ ನಿದರ್ಶನಗಳು ದಕ್ಷಿಣ ಚೀನಾ ಮತ್ತು ತೈವಾನಿನ ಕಡೆಯಿಂದ ಹೆಚ್ಚಾಗಿ ವರದಿಯಾಗಿವೆ.

ಉಳಿದ ಬಗೆಗಳಲ್ಲಿ ಎರಡನ್ನು ಹೆಸರಿಸಬೇಕು. ಹೊರನಾಳದ ಗ್ರಂಥಿಗಳಲ್ಲಿ ಹುಟ್ಟುವ ಅಡಿನಾಯ್ಡ್ ಸಿಸ್ಟಿಕ್ ಎಂಬ ಕ್ಯಾನ್ಸರ್ ಬಹು ನಿಧಾನವಾಗಿ ಬೆಳೆಯುತ್ತದೆ. ಆದರೆ ನರಗಳ ಹೊದಿಕೆಯನ್ನು ಹಿಡಿದು ಸಾಗುವುದರಿಂದ, ಕಣ್ಣಿಗೆ ಏನೂ ಕಾಣದಿರುವಾಗಲೇ ಬಹುಕಾಲ ನೋಯುತ್ತದೆ. ಮಕ್ಕಳಲ್ಲಿ ಸ್ನಾಯುಕೋಶಗಳಿಗೆ ಸಂಬಂಧಿಸಿದ ರ್‍ಯಾಬ್ಡೊಮಯೊಸಾರ್ಕೋಮ ಎಂಬುದು ನಡುಗಿವಿಯಲ್ಲಿ ಹುಟ್ಟಿ, ವಾಸಿಯಾಗದ ಕಿವಿಸೋರಿಕೆಯಂತೆಯೂ ನಾಳದಲ್ಲಿ ತೂಗುವ ಮಾಂಸದ ಕುಡಿಯಂತೆಯೂ ಕಾಣಿಸಿಕೊಳ್ಳುತ್ತದೆ.

೩. ಲಕ್ಷಣಗಳು

ಕಲ್ಪನೆಗಾಗಿ ಐವತ್ತೈದು ವರ್ಷದ ರೈತನೊಬ್ಬನನ್ನು ತೆಗೆದುಕೊಳ್ಳೋಣ. ಬಾಲ್ಯದಿಂದ ಅವನ ಬಲಗಿವಿ ಸೋರುತ್ತಿತ್ತು, ಎಂದೂ ನೋಯುತ್ತಿರಲಿಲ್ಲ. ಈಗ ನಾಲ್ಕು ತಿಂಗಳಿಂದ ರಾತ್ರಿಯ ವೇಳೆ ಕಿವಿಯ ಆಳದಲ್ಲಿ ನೋವು. ದಿಂಬಿನ ಮೇಲೆ ಆಗಾಗ ರಕ್ತದ ಕಲೆ. ಹನಿಮದ್ದು ಬದಲಾಯಿಸಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಎರಡು ದಿನ ಇಳಿದಂತೆ ತೋರಿ ಮತ್ತೆ ಮೊದಲಿನಂತೆಯೇ. ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಪಕ್ಕದಿಂದ ಜಾರಿತು. ಕಣ್ಣು ಪೂರ್ತಿಯಾಗಿ ಮುಚ್ಚಲಿಲ್ಲ. ಅಂದು ಅವನು ಪಟ್ಟಣದ ಆಸ್ಪತ್ರೆಗೆ ಬಂದನು.

ಇವನು ಕಲ್ಪಿತ ವ್ಯಕ್ತಿಯಾದರೂ ಈ ಕ್ರಮ ಕಲ್ಪಿತವಲ್ಲ. ಸೋರಿಕೆ, ರಕ್ತ, ಆಳದ ನೋವು, ಶ್ರವಣದ ಕುಗ್ಗು, ಕೊನೆಗೆ ಮುಖದ ಪಾರ್ಶ್ವವಾಯು ಎಂಬ ಈ ಲಕ್ಷಣಗಳಲ್ಲಿ ಜನರನ್ನು ಬೆಚ್ಚಿಬೀಳಿಸುವುದು ಕೊನೆಯದು ಮಾತ್ರ. ಅಷ್ಟರಲ್ಲಿ ರೋಗ ಕೊನೆಯ ಹಂತವನ್ನು ಮುಟ್ಟಿರುತ್ತದೆ. ಅವನ ಕಥೆಯಲ್ಲಿ ಎಚ್ಚರಿಸಬೇಕಾಗಿದ್ದ ಸಂಗತಿ ನಾಲ್ಕು ತಿಂಗಳ ಹಿಂದಿನದು: ನೋವಿಲ್ಲದ ಹಳೆಯ ಕಿವಿ ನೋಯತೊಡಗಿದ್ದು. ಸಾಧಾರಣವಾದ ದೀರ್ಘಕಾಲಿಕ ಸೋರಿಕೆಯಲ್ಲಿ ಬಿಡದ ನೋವಿರುವುದಿಲ್ಲ. ನೋವು ಬಂದಿತೆಂದರೆ ಕಿವಿಯೊಳಗೆ ಬೇರೇನೋ ನಡೆದಿದೆಯೆಂದೇ ತಿಳಿಯಬೇಕು. ದವಡೆ ತೆರೆಯಲು ಕಷ್ಟವಾಗುವುದು, ಕಿವಿಯ ಮುಂದೆ ಅಥವಾ ಕತ್ತಿನಲ್ಲಿ ಗಂಟು ಕಾಣಿಸಿಕೊಳ್ಳುವುದು, ತಲೆಸುತ್ತು, ಇವು ರೋಗ ಮುಂದುವರಿದ ಗುರುತುಗಳು.

೪. ನಿದಾನದ ಕ್ರಮ

ಪರೀಕ್ಷೆಯ ಮೊದಲ ಹೆಜ್ಜೆ ಕಿವಿಯನ್ನು ಶುಚಿಮಾಡಿ ಸೂಕ್ಷ್ಮದರ್ಶಕದ ಮೂಲಕ ನೋಡುವುದು. ಸ್ವೀಡನ್ ದೇಶದ ನೈಲೆನ್ ಎಂಬ ವೈದ್ಯನು ೧೯೨೧ರಲ್ಲಿ ಕಿವಿಯ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವನ್ನು ಮೊದಲು ಬಳಸಿದನು. ಇಂದು ಅದಿಲ್ಲದೆ ಕಿವಿಯ ಚಿಕಿತ್ಸಾಲಯವೇ ಇಲ್ಲವೆನ್ನಬಹುದು. ಕ್ಯಾನ್ಸರ್ ಸಾಮಾನ್ಯವಾಗಿ ನಾಳದ ಗೋಡೆಯ ಹುಣ್ಣಿನಂತೆ, ಅಥವಾ ಮುಟ್ಟಿದರೆ ರಕ್ತ ಒಸರುವ ಮಾಂಸಾಂಕುರದಂತೆ ಕಾಣುತ್ತದೆ. ಆದರೆ ಸಾಮಾನ್ಯ ಸೋಂಕಿನಲ್ಲಿಯೂ ಇಂತಹ ಮಾಂಸಾಂಕುರಗಳು ಬೆಳೆಯುತ್ತವೆ. ಎಷ್ಟೇ ಅನುಭವಿಯಾದ ವೈದ್ಯನೂ ಕಣ್ಣಿನಿಂದ ನೋಡಿದಮಾತ್ರಕ್ಕೆ ಇವೆರಡನ್ನೂ ನಿಶ್ಚಯವಾಗಿ ಬೇರ್ಪಡಿಸಲಾರನು.

ಆದಕಾರಣ ಬಯಾಪ್ಸಿಯೇ ನಿದಾನದ ತಳಹದಿ. ಹೊರನಾಳದ ಸಾಮಾನ್ಯ ಸೋಂಕು ತಕ್ಕ ಚಿಕಿತ್ಸೆಗೆ ಒಂದೆರಡು ವಾರಗಳಲ್ಲಿ ಬಗ್ಗುತ್ತದೆ. ಹಾಗೆ ಬಗ್ಗದ ಮಾಂಸಾಂಕುರವನ್ನು ಔಷಧದಿಂದ ಸುಡುತ್ತ, ಹನಿಮದ್ದನ್ನು ಬದಲಾಯಿಸುತ್ತ ತಿಂಗಳುಗಳನ್ನು ಕಳೆಯದೆ, ಅದರ ಚೂರೊಂದನ್ನು ತೆಗೆದು ರೋಗಶಾಸ್ತ್ರಜ್ಞರ ಪರೀಕ್ಷೆಗೆ ಕಳುಹಿಸಬೇಕು. ಇಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಚೂರು ಆಳದಿಂದ ಬಂದಿರಬೇಕು. ಮೇಲ್ಭಾಗದಲ್ಲಿ ಬರಿಯ ಉರಿಯೂತವೇ ಇದ್ದು ಕ್ಯಾನ್ಸರ್ ಅದರಡಿಯಲ್ಲಿ ಅಡಗಿರಬಹುದು. ಎರಡನೆಯದಾಗಿ, ಕ್ಯಾನ್ಸರ್ ಇಲ್ಲವೆಂಬ ಒಂದು ವರದಿಯಿಂದ ಸಮಾಧಾನಪಡಬಾರದು. ಲಕ್ಷಣಗಳು ಮುಂದುವರಿದರೆ ಬಯಾಪ್ಸಿಯೂ ಮತ್ತೆ ನಡೆಯಬೇಕು. ಮೂರನೆಯದಾಗಿ, ಕಿವಿತಮಟೆಯ ಹಿಂದೆ ಕೆಂಪಾಗಿ ಮಿಡಿಯುವ ಗಡ್ಡೆ ಕಂಡರೆ ಕತ್ತರಿ ಹಾಕಕೂಡದು. ಅದು ರಕ್ತನಾಳಗಳಿಂದ ತುಂಬಿದ ಗ್ಲೋಮಸ್ ಗಡ್ಡೆಯಾಗಿರಬಹುದಾದ್ದರಿಂದ ಚಿತ್ರಪರೀಕ್ಷೆ ಮೊದಲು ಆಗಬೇಕು.

ಕ್ಯಾನ್ಸರನ್ನು ಅನುಕರಿಸುವ ರೋಗಗಳಲ್ಲಿ ಒಂದು ನಮ್ಮ ದೇಶಕ್ಕೆ ವಿಶೇಷವಾಗಿ ಮುಖ್ಯವಾದುದು. ವಯಸ್ಸಾದ ಮಧುಮೇಹಿಗಳಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯದಿಂದ ಹೊರನಾಳದ ಸೋಂಕು ಮೂಳೆಗೆ ಇಳಿದು ತೀವ್ರವಾದ ನೋವನ್ನೂ ಮಾಂಸಾಂಕುರವನ್ನೂ ಮುಖದ ಪಾರ್ಶ್ವವಾಯುವನ್ನೂ ಉಂಟುಮಾಡುತ್ತದೆ. ೧೯೫೯ರಲ್ಲಿ ಮೆಲ್ಟ್‌ಜರ್ ಮತ್ತು ಕೆಲೆಮನ್ ಇದನ್ನು ವರದಿಮಾಡಿದರು. ೧೯೬೮ರಲ್ಲಿ ಚಾಂಡ್ಲರ್ ಎಂಬ ಅಮೆರಿಕದ ವೈದ್ಯನು ಇದರ ಕ್ರೌರ್ಯವನ್ನು ಕಂಡು, ಕ್ಯಾನ್ಸರಿಗೆ ಬಳಸುವ 'ಮ್ಯಾಲಿಗ್ನಂಟ್' ಎಂಬ ವಿಶೇಷಣವನ್ನೇ ಇದಕ್ಕೂ ಕೊಟ್ಟನು. ಇದು ಕ್ಯಾನ್ಸರ್ ಅಲ್ಲ. ವಾರಗಟ್ಟಲೆ ಕೊಡುವ ಪ್ರತಿಜೈವಿಕಗಳಿಂದ ವಾಸಿಯಾಗತಕ್ಕದ್ದು. ಮಧುಮೇಹಿಯ ಕಿವಿನೋವನ್ನು ಇದೇ ರೋಗವೆಂದು ಭಾವಿಸಿ ಬಯಾಪ್ಸಿಯನ್ನು ಬಿಟ್ಟರೆ ಕ್ಯಾನ್ಸರ್ ತಪ್ಪಿಹೋಗುತ್ತದೆ. ಕ್ಯಾನ್ಸರೆಂದೇ ಭಾವಿಸಿದರೆ ವಾಸಿಯಾಗುವ ರೋಗಿ ವೃಥಾ ಹೆದರುತ್ತಾನೆ. ಕಿವಿಯ ಕ್ಷಯವೂ ಹೀಗೆಯೇ ದಾರಿ ತಪ್ಪಿಸಬಲ್ಲುದು. ಮೂರನ್ನೂ ಬೇರ್ಪಡಿಸಲು ಅದೇ ಮಾಂಸದ ಚೂರು ಬೇಕು.

ನಿದಾನ ಖಚಿತವಾದ ಮೇಲೆ ರೋಗದ ವ್ಯಾಪ್ತಿಯನ್ನು ಅಳೆಯಬೇಕು. ಈ ಕೆಲಸಕ್ಕೆ ಎರಡು ಬಗೆಯ ಚಿತ್ರಗಳು ಪರಸ್ಪರ ಪೂರಕವಾಗಿವೆ. ೧೯೭೧ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ರೋಗಿಯೊಬ್ಬರ ಮೇಲೆ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್, ಒಂದು ಮಿಲಿಮೀಟರಿಗೂ ತೆಳುವಾದ ಹೋಳುಗಳಲ್ಲಿ ಮೂಳೆಯ ಸವೆತವನ್ನು ತೋರಿಸುತ್ತದೆ. ಆದರೆ ನಡುಗಿವಿಯಲ್ಲಿ ತುಂಬಿರುವುದು ಕೀವೋ ಗಡ್ಡೆಯೋ ಎಂಬುದನ್ನು ಅದು ಸ್ಪಷ್ಟವಾಗಿ ಹೇಳಲಾರದು. ಎಂ.ಆರ್.ಐ. ಚಿತ್ರವು ಮೃದುವಾದ ಭಾಗಗಳನ್ನು, ಮುಖ್ಯವಾಗಿ ಮಿದುಳಿನ ಹೊದಿಕೆ, ಪರೋಟಿಡ್ ಮತ್ತು ನರಗಳನ್ನು ಗಡ್ಡೆ ಮುಟ್ಟಿದೆಯೇ ಎಂಬುದನ್ನು ತೋರಿಸುತ್ತದೆ. ಶ್ರವಣಪರೀಕ್ಷೆ, ಮುಖನರದ ಪರೀಕ್ಷೆ, ಕತ್ತಿನ ದುಗ್ಧಗ್ರಂಥಿಗಳ ಪರೀಕ್ಷೆ ಇವೂ ಜೊತೆಗೆ ನಡೆಯಬೇಕು.

೫. ಹಂತಗಳು

ಹೊರನಾಳದ ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸಲು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ವೈದ್ಯರು ೧೯೯೦ರಲ್ಲಿ ಸೂಚಿಸಿ, ೨೦೦೦ದಲ್ಲಿ ತಿದ್ದಿದ ಕ್ರಮ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. ಮೊದಲನೆಯ ಹಂತದಲ್ಲಿ ಗಡ್ಡೆ ನಾಳದ ಚರ್ಮಕ್ಕೆ ಸೀಮಿತವಾಗಿದ್ದು ಮೂಳೆ ಸವೆದಿರುವುದಿಲ್ಲ. ಎರಡನೆಯದರಲ್ಲಿ ಮೂಳೆಯ ಒಂದಂಶ ಸವೆದಿರುತ್ತದೆ, ಇಲ್ಲವೆ ಅರ್ಧ ಸೆಂಟಿಮೀಟರಿಗೂ ಕಡಮೆ ಅಂತರದವರೆಗೆ ಗಡ್ಡೆ ಸುತ್ತಣ ಮೃದುಭಾಗಕ್ಕೆ ಇಳಿದಿರುತ್ತದೆ. ಮೂರನೆಯದರಲ್ಲಿ ನಾಳದ ಮೂಳೆಗೋಡೆ ಪೂರ್ತಿ ಭೇದಿಸಲ್ಪಟ್ಟಿರುತ್ತದೆ, ಅಥವಾ ನಡುಗಿವಿ ಇಲ್ಲವೆ ಅದರ ಹಿಂಬದಿಯ ಗಾಳಿಗೂಡುಗಳು ಆಕ್ರಮಿತವಾಗಿರುತ್ತವೆ. ಒಳಗಿವಿ, ಧಮನಿಯ ಕಾಲುವೆ, ಮಿದುಳಿನ ಹೊದಿಕೆ, ದವಡೆಯ ಕೀಲು ಮುಂತಾದುವನ್ನು ಮುಟ್ಟಿದ್ದು ನಾಲ್ಕನೆಯ ಹಂತ. ಮುಖದ ದೌರ್ಬಲ್ಯವೊಂದೇ ಇದ್ದರೂ ರೋಗಿಯನ್ನು ಈ ಕೊನೆಯ ಹಂತಕ್ಕೇ ಸೇರಿಸುತ್ತಾರೆ.

ಈ ವಿಂಗಡಣೆ ಬರಿಯ ಪಟ್ಟಿಯಲ್ಲ. ಮೊದಲೆರಡು ಹಂತಗಳಲ್ಲಿ ಸರಿಯಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಎಂಬತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುವರೆಂದು ಅನೇಕ ವರದಿಗಳು ತಿಳಿಸುತ್ತವೆ. ನಾಲ್ಕನೆಯ ಹಂತದಲ್ಲಿ ಹಾಗೆ ದಾಟುವವರು ಬಹುತೇಕ ವರದಿಗಳಲ್ಲಿ ಅರ್ಧಕ್ಕಿಂತ ಕಡಮೆ. ನಮ್ಮ ಕಲ್ಪಿತ ರೈತನು ಕಳೆದ ನಾಲ್ಕು ತಿಂಗಳುಗಳ ಅರ್ಥ ಈ ಎರಡು ಅಂಕಿಗಳ ಅಂತರದಲ್ಲಿದೆ.

೬. ಚಿಕಿತ್ಸೆ

ಸ್ಕ್ವಾಮಸ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಆಶ್ರಯ. ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆದು ಉಳಿದುದಕ್ಕೆ ರೇಡಿಯಂ ಅಥವಾ ಕ್ಷಕಿರಣ ಕೊಡುವ ಹಿಂದಿನ ಕ್ರಮದಲ್ಲಿ ರೋಗ ಮರುಕಳಿಸುವುದೇ ಹೆಚ್ಚಾಗಿತ್ತು. ೧೯೫೧ರಲ್ಲಿ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ನಡುಗಿವಿಯ ಕ್ಯಾನ್ಸರಿಗಾಗಿ ಇಡೀ ಶಂಖಾಸ್ಥಿಯನ್ನು ತೆಗೆದುದನ್ನು ಪ್ರಕಟಿಸಿದರು. ೧೯೫೪ರಲ್ಲಿ ಪಾರ್ಸನ್ಸ್ ಮತ್ತು ಲೂಯಿಸ್ ಆ ಮೂಳೆಯ ಬಹುಭಾಗವನ್ನು ಒಂದೇ ತುಂಡಾಗಿ ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಗಡ್ಡೆಯ ಸುತ್ತ ಆರೋಗ್ಯವಾದ ಅಂಚನ್ನು ಸೇರಿಸಿಕೊಂಡು ಅಖಂಡವಾಗಿ ತೆಗೆಯಬೇಕೆಂಬ ತತ್ತ್ವ ಕಿವಿಯ ಶಸ್ತ್ರವೈದ್ಯದಲ್ಲಿ ನೆಲೆಯೂರಿದುದು ಅಂದಿನಿಂದ.

ಮೊದಲೆರಡು ಹಂತಗಳಲ್ಲಿ ಶಂಖಾಸ್ಥಿಯ ಹೊರಭಾಗವನ್ನು ಮಾತ್ರ ತೆಗೆದರೆ ಸಾಕಾಗುತ್ತದೆ. ವೈದ್ಯನು ಕಿವಿಯ ಹಿಂಬದಿಯ ಮೂಳೆಯನ್ನು ತೆರೆದು, ಕಿರುಮೂಳೆಗಳ ಕೀಲನ್ನು ಬಿಡಿಸಿ, ಮುಖನರವನ್ನು ಒಳಗೇ ಸುರಕ್ಷಿತವಾಗಿ ಬಿಟ್ಟು, ಹೊರನಾಳ, ಕಿವಿತಮಟೆ ಮತ್ತು ಹೊರಗಿನ ಎರಡು ಕಿರುಮೂಳೆಗಳನ್ನು ಒಂದೇ ಗಟ್ಟಿಯಾಗಿ ಹೊರತೆಗೆಯುತ್ತಾನೆ. ಅಗತ್ಯವಿದ್ದರೆ ಪರೋಟಿಡ್ ಗ್ರಂಥಿಯ ಹೊರಪದರವನ್ನೂ ಕತ್ತಿನ ದುಗ್ಧಗ್ರಂಥಿಗಳನ್ನೂ ಜೊತೆಗೆ ತೆಗೆಯುವುದುಂಟು. ರೋಗಿಯ ಮುಖ ಆಡುತ್ತದೆ. ಒಳಗಿವಿ ಉಳಿದಿರುವುದರಿಂದ ಮೂಳೆಯ ಮೂಲಕ ಶಬ್ದವನ್ನು ಮುಟ್ಟಿಸುವ ಶ್ರವಣಸಾಧನದಿಂದ ಆ ಕಿವಿಗೂ ಶ್ರವಣವನ್ನು ಒದಗಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಶ್ರವಣದ ಪರೀಕ್ಷೆಗೂ ಸಾಧನದ ಆಯ್ಕೆಗೂ ನೆರವು ದೊರೆಯುತ್ತದೆ.

ರೋಗ ಮುಂದುವರಿದಿದ್ದರೆ ಒಳಗಿವಿಯನ್ನೂ ತೆಗೆಯಬೇಕಾಗುತ್ತದೆ. ಆ ಕಿವಿಯ ಶ್ರವಣ ಶಾಶ್ವತವಾಗಿ ಹೋಗುತ್ತದೆ. ಕೆಲಕಾಲ ಸಮತೋಲ ತಪ್ಪುತ್ತದೆ. ಬಹುವೇಳೆ ಮುಖನರವನ್ನೂ ಕತ್ತರಿಸಬೇಕಾಗಿ ಬರುತ್ತದೆ. ಕಾಲಿನಿಂದಲೋ ಕತ್ತಿನಿಂದಲೋ ತಂದ ನರದ ತುಂಡನ್ನು ಅಲ್ಲಿ ಜೋಡಿಸಬಹುದಾದರೂ ಚಲನೆ ಮರಳಲು ಹಲವು ತಿಂಗಳುಗಳು ಬೇಕು, ಮರಳಿದುದೂ ಪೂರ್ಣವಾಗಿರುವುದಿಲ್ಲ. ಅದುವರೆಗೆ ಮುಚ್ಚದ ಕಣ್ಣನ್ನು ಒಣಗದಂತೆ ಕಾಪಾಡುವುದು ಚಿಕಿತ್ಸೆಯ ಬಹು ಮುಖ್ಯ ಭಾಗ. ಇಲ್ಲವಾದರೆ ದೃಷ್ಟಿಯೂ ಹಾಳಾದೀತು. ಶಸ್ತ್ರಕ್ರಿಯೆಯಿಂದ ಆದ ಕುಳಿಯನ್ನು ಕಣತಲೆಯ ಸ್ನಾಯುವಿನಿಂದಲೋ, ತೊಡೆಯಿಂದ ರಕ್ತನಾಳಸಮೇತ ತಂದು ಜೋಡಿಸಿದ ಮಾಂಸದಿಂದಲೋ ತುಂಬುತ್ತಾರೆ. ಕೆರೋಟಿಡ್ ಧಮನಿಯನ್ನು ಸುತ್ತುವರಿದ, ಅಥವಾ ಮಿದುಳಿನೊಳಕ್ಕೆ ಬಹುದೂರ ಸಾಗಿದ ಗಡ್ಡೆಗೆ ಶಸ್ತ್ರಕ್ರಿಯೆಯಿಂದ ಲಾಭ ಕಡಮೆ.

ಮೂಳೆ ಸವೆದಿರುವ, ಅಂಚಿನಲ್ಲಿ ರೋಗ ಉಳಿದಿರುವ ಅಥವಾ ದುಗ್ಧಗ್ರಂಥಿಗಳಿಗೆ ಹರಡಿರುವ ರೋಗಿಗಳಿಗೆ ಶಸ್ತ್ರಕ್ರಿಯೆಯ ತರುವಾಯ ವಿಕಿರಣ ಚಿಕಿತ್ಸೆ ಅವಶ್ಯ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಒಟ್ಟು ೬೦ ಗ್ರೇ ಪ್ರಮಾಣದ ಸುತ್ತಮುತ್ತ ಕೊಡುವುದು ವಾಡಿಕೆ. ಶಸ್ತ್ರಕ್ರಿಯೆಗೆ ಒಳಪಡಿಸಲಾಗದವರಿಗೆ ಸಿಸ್‌ಪ್ಲಾಟಿನ್ ಮೊದಲಾದ ಔಷಧಗಳನ್ನು ವಿಕಿರಣದೊಡನೆ ಕೊಡುತ್ತಾರೆ. ಈ ಮಾರ್ಗದಲ್ಲಿ ಜಪಾನಿನ ವೈದ್ಯರು ಹೆಚ್ಚಿನ ಕೆಲಸ ಮಾಡಿದ್ದಾರೆ. ಆಲೆ ಮುಂತಾದ ಚರ್ಮದ ಭಾಗದಲ್ಲಿ ಹುಟ್ಟಿ ಮಿತಿಮೀರಿದ ಸ್ಕ್ವಾಮಸ್ ಕ್ಯಾನ್ಸರಿಗೆ ದೇಹದ ರೋಗರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಸೆಮಿಪ್ಲಿಮಾಬ್ ಎಂಬ ಔಷಧಕ್ಕೆ ೨೦೧೮ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಮಕ್ಕಳ ಸಾರ್ಕೋಮದಲ್ಲಿ ಕ್ರಮವೇ ಬೇರೆ. ಅಲ್ಲಿ ಔಷಧಗಳು ಮತ್ತು ವಿಕಿರಣ ಮುಂದಾಗಿ, ದೊಡ್ಡ ಶಸ್ತ್ರಕ್ರಿಯೆ ಹಿಂದಾಗಿದೆ. ಅಮೆರಿಕದಲ್ಲಿ ೧೯೭೨ರಲ್ಲಿ ಅನೇಕ ಆಸ್ಪತ್ರೆಗಳು ಕೂಡಿ ಆರಂಭಿಸಿದ ಸಂಯುಕ್ತ ಅಧ್ಯಯನಗಳ ಫಲವಾಗಿ, ಹಿಂದೆ ಬಹುತೇಕ ಮಾರಕವಾಗಿದ್ದ ಈ ರೋಗದಿಂದ ಇಂದು ಅನೇಕ ಮಕ್ಕಳು ಗುಣಹೊಂದುತ್ತಾರೆ.

ಚಿಕಿತ್ಸೆ ಮುಗಿದ ಮೇಲೂ ರೋಗಿಯ ಸಂಬಂಧ ಕಡಿಯಕೂಡದು. ಸ್ಕ್ವಾಮಸ್ ಕ್ಯಾನ್ಸರ್ ಮರುಕಳಿಸುವುದಾದರೆ ಬಹುಮಟ್ಟಿಗೆ ಮೊದಲೆರಡು ವರ್ಷಗಳಲ್ಲಿ. ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರ್ ಹತ್ತು ವರ್ಷಗಳ ತರುವಾಯವೂ ಶ್ವಾಸಕೋಶದಲ್ಲಿ ಕಾಣಿಸಿಕೊಂಡೀತು.

೭. ಉಪಸಂಹಾರ

ಮೇಲಿನ ವಿವರಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದೊಡ್ಡ ಶಸ್ತ್ರಕ್ರಿಯೆ ಮತ್ತು ವಿಕಿರಣಯಂತ್ರಗಳು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಕೆಲವೇ ಕಡೆ ದೊರೆಯತಕ್ಕವು. ಆದರೆ ರೋಗಿಯ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಗೆ ಬರುವುದಕ್ಕೆ ಮೊದಲು, ತಾಲ್ಲೂಕಿನ ಚಿಕಿತ್ಸಾಲಯದಲ್ಲಿ, ಔಷಧದಂಗಡಿಯ ಮುಂದೆ, ಅಥವಾ ಮನೆಯೊಳಗೆ.

ಆದಕಾರಣ ಮನೆಯವರು ನೆನಪಿಡಬೇಕಾದುದು ಇಷ್ಟು: ಸೋರುವ ಕಿವಿ ಹೊಸದಾಗಿ ನೋಯತೊಡಗಿದರೆ, ರಕ್ತ ಕಂಡರೆ, ಅಥವಾ ಮುಖದ ಒಂದು ಪಕ್ಕ ಜೋತರೆ, ಎಣ್ಣೆಯನ್ನೂ ಹನಿಮದ್ದನ್ನೂ ಬಿಟ್ಟು ಕಿವಿಯ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ನೆನಪಿಡಬೇಕಾದುದು: ಎರಡು ಮೂರು ವಾರಗಳ ಸರಿಯಾದ ಚಿಕಿತ್ಸೆಗೆ ಬಗ್ಗದ ಮಾಂಸಾಂಕುರವನ್ನು ರೋಗಶಾಸ್ತ್ರಜ್ಞರಿಗೆ ಕಳುಹಿಸದೆ ಬಿಡಬಾರದು. ಹಾಗೆ ಕಳುಹಿಸಿದ ಚೂರುಗಳಲ್ಲಿ ಬಹುಪಾಲು ನಿರಪಾಯಕರವೆಂದೇ ತಿಳಿದುಬರುತ್ತದೆ. ಅದರಿಂದ ಶ್ರಮ ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ. ಉಳಿದ ಆ ಒಂದೆರಡು ಚೂರುಗಳ ಒಡೆಯರು ಮೊದಲ ಹಂತದಲ್ಲಿಯೇ ಚಿಕಿತ್ಸೆಗೆ ಬಂದು, ಮುಖದ ಚಲನೆಯನ್ನು ಉಳಿಸಿಕೊಂಡು ತಮ್ಮ ಮನೆಗಳಿಗೆ ಹಿಂದಿರುಗುತ್ತಾರೆ.